ಹಿಂದಿನ ಸೀಟಿನ ದೂರು

ಕಾರಿನ ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್‌ಗಳನ್ನು ಈ ಭಾನುವಾರ ನಾನೇ, ನನ್ನ ಈ ಎರಡು ಕೈಗಳಿಂದಲೇ, ಗ್ಯಾರೇಜಿನ ಗಾಳಿಯೂ ಸೋಕದ ಹಾಗೆ ಬದಲಾಯಿಸುತ್ತೇನೆ ಎಂದು ನಾನು ಊಟದ ಮೇಜಿನ ಮುಂದೆ ನಿಂತು ಘೋಷಿಸಿದಾಗ ನನ್ನ ಹೆಂಡತಿ ಬಟಾಣಿ ಸುಲಿಯುತ್ತಿದ್ದಳು. ಘೋಷಣೆ ಮುಗಿದ ಮೇಲೂ ಸುಲಿಯುತ್ತಲೇ ಇದ್ದಳು. ಇಂಥ ಐತಿಹಾಸಿಕ ಗಳಿಗೆಯಲ್ಲಿ ಎದುರಿಗಿರುವವರು ತಲೆಯನ್ನಾದರೂ ಎತ್ತಬೇಕು ಎಂಬುದು ನನ್ನ ಅಭಿಪ್ರಾಯ. ಅವಳ ಅಭಿಪ್ರಾಯ ಬೇರೆ ಇದ್ದಿರಬೇಕು.

"ಕೇಳಿಸ್ತಾ?" ಎಂದೆ.

"ಕೇಳಿಸ್ತು. ಶಾಕ್ ಹೋಗಿದೆ ಅಂತ ಯಾರು ಹೇಳಿದ್ರು?"

ಇಲ್ಲಿ ಒಂದು ನಿಮಿಷ ನಿಲ್ಲಿಸಿ ಹಿಂದಿನ ವಿಷಯ ಹೇಳಬೇಕು. ನಮ್ಮ ಕಾರು ಹಳೆಯದು. ನಮ್ಮ ಮನೆಗೆ ಬರುವಾಗಲೇ ಹಳೆಯದಾಗಿತ್ತು. ನಮ್ಮ ಕೈಯಲ್ಲಿ ಇನ್ನಷ್ಟು ಅನುಭವ ಗಳಿಸಿತು. ಪ್ರತಿದಿನ ಬೆಳಿಗ್ಗೆ ಅದರಲ್ಲಿ ಮೂವರು ಹೊರಡುತ್ತಿದ್ದೆವು. ಓಡಿಸುವವನು ನಾನು, ಪಕ್ಕದಲ್ಲಿ ಹೆಂಡತಿಯ ಅಣ್ಣ, ಹಿಂದೆ ಹೆಂಡತಿ. ಹೆಂಡತಿಯ ಅಣ್ಣ ಇರುವುದು ಪಕ್ಕದ ಬೀದಿಯಲ್ಲಿ, ಕೆಲಸ ಮಾಡುವುದು ನನ್ನ ಕಂಪನಿಯಲ್ಲೇ. ನಾನು ಅವರನ್ನು ಭಾವ ಎನ್ನುತ್ತೇನೆ, ಅವರು ನನ್ನನ್ನು ಭಾವ ಎನ್ನುತ್ತಾರೆ. ಇಬ್ಬರು ಭಾವಂದಿರು ಮುಂದೆ ಕೂತ ಮೇಲೆ ಹಿಂದಿನವರ ಮಾತು ಮುಂದಕ್ಕೆ ಬರುವುದು ಕಷ್ಟ. ಭಾವನ ಕಾಲು ಉದ್ದ, ಆದ್ದರಿಂದ ಮುಂದಿನ ಸೀಟು ಅವರದೇ ಎಂದು ಯಾರು ಯಾವಾಗ ತೀರ್ಮಾನಿಸಿದರೋ ಗೊತ್ತಿಲ್ಲ. ಅವಳಂತೂ ತೀರ್ಮಾನಿಸಿರಲಿಲ್ಲ.

ನಾವಿಬ್ಬರೂ ಇರುವುದು ಫ್ಯಾನು ತಯಾರಿಸುವ ಕಂಪನಿಯಲ್ಲಿ. ಭಾವನದು ತಪಾಸಣೆ ವಿಭಾಗ. ತಿರುಗುವ ಫ್ಯಾನಿನ ಕೆಳಗೆ ಕುರ್ಚಿ ಹಾಕಿಕೊಂಡು ಕೂತು, ಸದ್ದಿಲ್ಲ ಎಂದು ಸಹಿ ಹಾಕುವುದು ಅವರ ಕೆಲಸ. ಅವರ ಎಡಗಿವಿ ಸ್ವಲ್ಪ ಮಂದ. ಕಂಪನಿ ಅದನ್ನು ಅರ್ಹತೆಯೆಂದೇ ಪರಿಗಣಿಸಿದೆ. ನನ್ನದು ದೂರು ವಿಭಾಗ. ಫ್ಯಾನು ಸದ್ದು ಮಾಡುತ್ತದೆ ಎಂದು ಗಿರಾಕಿ ಬರೆದರೆ, ಪರಿಶೀಲಿಸಲಾಗಿ ಸದ್ದು ಸಹಜ ಮಿತಿಯೊಳಗಿದೆ ಎಂದು ನಾನು ಉತ್ತರ ಬರೆಯುತ್ತೇನೆ. ಪರಿಶೀಲಿಸುವುದು ಎಂದರೆ ಭಾವನನ್ನು ಕೇಳುವುದು. ಇಷ್ಟು ವರ್ಷಗಳಲ್ಲಿ ನಮ್ಮಿಬ್ಬರ ಕೈಯಿಂದ ಸದ್ದು ಮಾಡುವ ಫ್ಯಾನು ಒಂದೂ ಹೊರಗೆ ಹೋಗಿಲ್ಲ, ಕಾಗದದ ಮೇಲೆ.

ಕಾರಿನಲ್ಲೂ ಇದೇ ಪದ್ಧತಿ ತಾನಾಗಿ ಬೆಳೆದುಬಂತು. "ರೀ, ಹಿಂದೆ ತುಂಬಾ ಎತ್ತಿಹಾಕ್ತಿದೆ" ಎಂದು ಅವಳು ಹಿಂದಿನಿಂದ ದೂರು ಸಲ್ಲಿಸುತ್ತಿದ್ದಳು. ಎತ್ತಿಹಾಕಿತೇ ಎಂದು ನಾನು ಭಾವನನ್ನು ವಿಚಾರಿಸುತ್ತಿದ್ದೆ. ಭಾವ ಕಣ್ಣು ಮುಚ್ಚಿ, ಮುಂದಿನ ಗುಂಡಿ ದಾಟುವವರೆಗೆ ಗಮನವಿಟ್ಟು ಕೂತು, ಅಂಥದ್ದೇನೂ ಇಲ್ಲವಲ್ಲ ಎನ್ನುತ್ತಿದ್ದರು. ದೂರು ಅಲ್ಲಿಗೆ ವಿಲೇವಾರಿ. ಹಾಗೆಂದು ನಾನೇನೂ ಕಲ್ಲುಹೃದಯದವನಲ್ಲ, ಪರಿಹಾರಗಳನ್ನೂ ಸೂಚಿಸುತ್ತಿದ್ದೆ. ನೀನು ಮೂಲೆಗೆ ಕೂರುತ್ತೀಯ, ಅದಕ್ಕೇ ಹಾಗೆ ಎಂದೆ. ಮಧ್ಯಕ್ಕೆ ಕೂತಳು. ಮಧ್ಯೆ ಕೂತರೆ ಕನ್ನಡಿಯಲ್ಲಿ ಹಿಂದಿನ ಗಾಡಿಗಳು ಕಾಣುವುದಿಲ್ಲ ಎಂದೆ. ಮತ್ತೆ ಮೂಲೆಗೆ ಹೋದಳು. ಕೊನೆಗೆ ಒಂದು ದಿಂಬು ಕೊಟ್ಟೆ. ದಿಂಬು ಕೊಟ್ಟಿದ್ದನ್ನು ಬಹಳ ಕಾಲ ಅವಳಿಗೆ ನೆನಪಿಸುತ್ತಲೂ ಇದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ, ಅವಳ ಆಸ್ಪತ್ರೆಯ ದಾರಿಯಲ್ಲಿರುವ ದೊಡ್ಡ ರಸ್ತೆಯುಬ್ಬಿನ ಮೇಲೆ ಕಾರು ಹಾರಿತು. ನಾನೂ ಭಾವನೂ ಕಂಪನಿಯ ರಾಜಕೀಯದಲ್ಲಿ ಮುಳುಗಿದ್ದೆವು. ಹಿಂದೆ ಢಣ್ ಎಂದಿತು. ಅವಳ ತಲೆ ಕಾರಿನ ಮೇಲ್ಛಾವಣಿಗೆ ಬಡಿದಿತ್ತು. ಅವಳು ಏನಾದರೂ ಹೇಳಿಯೇ ಹೇಳುತ್ತಾಳೆಂದು ನಾನು ಉತ್ತರ ಸಿದ್ಧಮಾಡಿಕೊಂಡೆ. ಹೇಳಲಿಲ್ಲ. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಬಾಗಿಲು ತೆಗೆದು ಇಳಿದಳು, ಬಾಗಿಲನ್ನು ಮೆಲ್ಲಗೆ ಹಾಕಿದಳು, ಬಸ್ ಸ್ಟಾಪಿನ ಕಡೆ ನಡೆದಳು. ದಡಾರನೆ ಹಾಕಿದ್ದರೆ ನನಗೂ ನಾಲ್ಕು ಮಾತಾಡಲು ಅವಕಾಶವಿರುತ್ತಿತ್ತು.

ಅಂದಿನಿಂದ ಅವಳು ಬಸ್ಸಿನಲ್ಲಿ, ನಾವು ಕಾರಿನಲ್ಲಿ. ಕೋಪ ಇಳಿದ ಮೇಲೆ ಬರುತ್ತಾಳೆ ಬಿಡಿ ಎಂದು ಭಾವ ಸಮಾಧಾನ ಹೇಳಿದರು. ಕಷ್ಟವೇನೆಂದರೆ ಅವಳಿಗೆ ಕೋಪವೇ ಇರಲಿಲ್ಲ. ಬೆಳಿಗ್ಗೆ ನನಗೆ ಡಬ್ಬಿ ಕಟ್ಟಿಕೊಟ್ಟು, ಬಾಗಿಲ ಬೀಗದ ಕೈ ಎಲ್ಲಿದೆ ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು ನಡೆದುಬಿಡುತ್ತಿದ್ದಳು. ಸಂಜೆ ಬಸ್ಸಿನಲ್ಲಿ ಕಂಡದ್ದು ಕೇಳಿದ್ದನ್ನೆಲ್ಲ ಹೇಳಿ ನಗುತ್ತಿದ್ದಳು. ಅವಳು ನಗುತ್ತಾ ಮನೆಗೆ ಬಂದದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ ನನಗೆ ನೆನಪಿರಲಿಲ್ಲ. ಇತ್ತ ನನ್ನ ಕನ್ನಡಿಯಲ್ಲಿ ಹಿಂದಿನ ಗಾಡಿಗಳು ಸೊಗಸಾಗಿ ಕಾಣತೊಡಗಿದವು. ನನಗದು ಸ್ವಲ್ಪವೂ ಇಷ್ಟವಾಗಲಿಲ್ಲ. ಅವಳು ಮತ್ತೆ ಬಂದು ಆ ಸೀಟಿನಲ್ಲಿ ಕೂರಬೇಕು, ನನಗೆ ಬೇಕಾಗಿದ್ದದ್ದು ಅಷ್ಟೇ. ಕೇಳುವುದು ಹೇಗೆಂದು ಮಾತ್ರ ತಿಳಿಯಲಿಲ್ಲ. ದೂರು ವಿಭಾಗದವರಿಗೆ ಉತ್ತರ ಕೊಟ್ಟು ಅಭ್ಯಾಸ, ಕೇಳಿ ಅಭ್ಯಾಸವಿಲ್ಲ.

ಆಗ ಮೊಟ್ಟೆಯ ಪ್ರವೇಶವಾಯಿತು. ಭಾವ ಯಾರದೋ ಕೋಳಿ ಫಾರಮ್ಮಿನಿಂದ ಒಂದು ದೊಡ್ಡ ಟ್ರೇ ಮೊಟ್ಟೆ ತಂದು ಹಿಂದಿನ ಸೀಟಿನ ಮೇಲೆ, ದಿಂಬಿನ ಮೇಲೆಯೇ ಇಟ್ಟರು. ಅದೇ ರಸ್ತೆಯುಬ್ಬು. ಮನೆ ಮುಟ್ಟಿದಾಗ ಮೊಟ್ಟೆಗಳೆಲ್ಲ ಒಡೆದು, ಹಿಂದಿನ ಸೀಟು ಬಾಣಲೆಯಾಗುವುದೊಂದು ಬಾಕಿ. ಆಗ ಮಾತ್ರ ಭಾವ ಗಂಭೀರವಾಗಿ, ಹಿಂದೆ ಏನೋ ದೋಷವಿರುವಂತಿದೆ ಎಂದು ತಪಾಸಣಾ ವರದಿ ಕೊಟ್ಟರು. ನಾನು ಕಾರನ್ನು ಗ್ಯಾರೇಜಿಗೆ ಒಯ್ದೆ. ಅಲ್ಲಿಯವನು ಡಿಕ್ಕಿಯ ಮೇಲೆ ಎರಡೂ ಕೈಯಿಟ್ಟು ಒಮ್ಮೆ ಅಮುಕಿ ಬಿಟ್ಟ. ಕಾರು ತಲೆಯಾಡಿಸಿತು, ಆಡಿಸಿತು, ಆಡಿಸುತ್ತಲೇ ಇತ್ತು. ಎರಡೂ ಶಾಕ್ ಹೋಗಿ ಬಹಳ ಕಾಲವಾಗಿದೆ ಎಂದ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಅವನೇ ಬದಲಾಯಿಸುತ್ತಿದ್ದ, ನಾನು ಈ ಬರಹ ಬರೆಯುತ್ತಿರಲಿಲ್ಲ. ಆದರೆ ಅವನು ಕೈ ಒರೆಸಿಕೊಳ್ಳುತ್ತಾ ಒಂದು ಪ್ರಶ್ನೆ ಕೇಳಿದ: "ಹಿಂದೆ ಯಾರೂ ಕೂರ್ತಿರ್ಲಿಲ್ವಾ ಸಾರ್?"

ನಾನು ಕಾರು ತಿರುಗಿಸಿಕೊಂಡು ಬಂದೆ. ಎದುರಿಗೆ ಸಿಕ್ಕ ಮೊದಲ ಬಿಡಿಭಾಗದ ಅಂಗಡಿಯಲ್ಲಿ ಎರಡು ಹೊಸ ಶಾಕ್ ಕೊಂಡೆ. ನಾನೇ ಹಾಕುತ್ತೇನೆ ಎಂದು ನಿಶ್ಚಯಿಸಿದ್ದು ಆಗಲೇ. ನನ್ನ ಕೈಗೆ ಗ್ರೀಸು ಮೆತ್ತಿರುವುದನ್ನು ಅವಳು ನೋಡಿದರೆ ಕೇಳುವ ಅಗತ್ಯವೇ ಬೀಳುವುದಿಲ್ಲ, ತಾನಾಗಿ ಬಂದು ಕೂರುತ್ತಾಳೆ ಎಂಬುದು ನನ್ನ ಲೆಕ್ಕಾಚಾರ.

ಈಗ ಮತ್ತೆ ಬಟಾಣಿಯ ಬಳಿಗೆ ಬರೋಣ. ಶಾಕ್ ಹೋಗಿದೆ ಅಂತ ಯಾರು ಹೇಳಿದರು ಎಂದು ಅವಳು ಕೇಳಿದ್ದಳಷ್ಟೆ. ನಾನು ಮೊಟ್ಟೆಯ ಕತೆ ಹೇಳಿದೆ.

"ಓ" ಎಂದಳು. "ಮೊಟ್ಟೆ ಹೇಳಿದ್ಮೇಲೆ ನಂಬಿದ್ರಿ."

ನನ್ನ ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುತ್ತಾಳೆ. ಮನೆಯಲ್ಲೂ ತೆಗೆಯುತ್ತಾಳೆ, ಸೂಜಿ ಬಳಸುವುದಿಲ್ಲ.

ಭಾನುವಾರ ಅವಳಿಗೆ ಬೆಳಗಿನ ಪಾಳಿ ಇತ್ತು. ಅವಳು ಅತ್ತ ಹೋಗುತ್ತಿದ್ದಂತೆ ಇತ್ತ ಭಾವ ಹಳೇ ಪ್ಯಾಂಟು, ಹೊಸ ಕೈಗವಸು, ಒಂದು ಫ್ಲಾಸ್ಕು ಚಹಾ ಸಮೇತ ಹಾಜರಾದರು. ಮಹಡಿಯ ಮನೆಯ ನಿವೃತ್ತ ಮೇಷ್ಟ್ರು ಬಾಲ್ಕನಿಯಲ್ಲಿ ಕುರ್ಚಿ ಹಾಕಿಸಿಕೊಂಡು, ಪೇಪರು ಬಿಡಿಸಿ, ಪೇಪರು ಓದದೆ ಕೂತರು. ನಾನು ಒಂದು ವಾರ ಮೊಬೈಲಿನಲ್ಲಿ ಒಂದೇ ವಿಡಿಯೊ ನೋಡಿ ಅಧ್ಯಯನ ಮಾಡಿದ್ದೆ. ಅದರಲ್ಲಿ ಕೆಲಸ ಮಾಡಿ ತೋರಿಸಿದವನು ಶುರುವಿಗೆ ಬಿಳಿ ಅಂಗಿ ಹಾಕಿದ್ದ, ಕೊನೆಯಲ್ಲೂ ಅದು ಬೆಳ್ಳಗೇ ಇತ್ತು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ಬಾಡಿಗೆಗೆ ತಂದ ಸ್ಟ್ಯಾಂಡುಗಳ ಮೇಲೆ ಕಾರಿನ ಹಿಂಭಾಗವನ್ನು ಎತ್ತಿ ನಿಲ್ಲಿಸಿ, ಚಕ್ರ ಬಿಚ್ಚಿ, ಎರಡು ಚಕ್ರಗಳನ್ನೂ ಹಿಡಿದಿರುವ ಅಡ್ಡ ಆಕ್ಸಲ್ಲಿನ ಕೆಳಗೆ ಜಾಕು ಕೊಟ್ಟೆವು. ಶಾಕಿನ ಕೆಳತುದಿ ಈ ಆಕ್ಸಲ್ಲಿಗೆ, ಮೇಲ್ತುದಿ ಕಾರಿನ ಮೈಗೆ. ಮೇಲಿನ ನಟ್ಟು ಸಿಗಬೇಕಾದರೆ ಹಿಂದಿನ ಸೀಟನ್ನೇ ಕಿತ್ತು ಹೊರಗೆ ಹಾಕಬೇಕು. ಕಿತ್ತೆವು. ಅಷ್ಟು ವರ್ಷಗಳಲ್ಲಿ ನಾನು ಆ ಸೀಟನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಸೀಟಿನ ಕೆಳಗೆ ಒಣಗಿದ ಮೊಟ್ಟೆಯ ಪದರ, ಕೂದಲಿನ ಪಿನ್ನುಗಳು, ಪೆನ್ನಿನ ಮುಚ್ಚಳ. ಅವುಗಳ ನಡುವೆ ಹಿಂಡಿ ಹಿಂಡಿ ಚಪ್ಪಟೆಯಾದ ಮುಲಾಮಿನ ಟ್ಯೂಬುಗಳು, ಮಾತ್ರೆ ಖಾಲಿಯಾದ ಹಾಳೆಗಳು. ಒಂದೆರಡಲ್ಲ. ಭಾವ ಒಂದನ್ನು ಎತ್ತಿ, ಕನ್ನಡಕ ಏರಿಸಿ, ಬೆನ್ನುನೋವಿಗೆ ಹಚ್ಚುವುದು ಎಂದು ಜೋರಾಗಿ ಓದಿದರು.

"ಯಾರದು ಭಾವ ಇದು?"

"ಹಳೇ ಓನರ್‌ದಿರ್ಬೇಕು" ಎಂದೆ.

ಭಾವ ಟ್ಯೂಬನ್ನು ತಿರುಗಿಸಿ ತಯಾರಾದ ವರ್ಷ ನೋಡಿದರು. ನನ್ನನ್ನು ನೋಡಿದರು. ಟ್ಯೂಬನ್ನು ಇದ್ದ ಜಾಗದಲ್ಲೇ ಮೆಲ್ಲಗೆ ಇಟ್ಟರು. ಅವರು ಸುಮ್ಮನೆ ಇಷ್ಟು ವರ್ಷ ತಪಾಸಣೆ ವಿಭಾಗದಲ್ಲಿಲ್ಲ. ನಾನು ಎಲ್ಲವನ್ನೂ ಬಾಚಿ, ನಟ್ಟು ಬೋಲ್ಟು ಹಾಕಲೆಂದು ಇಟ್ಟಿದ್ದ ಬಕೆಟ್ಟಿಗೆ ಸುರಿದೆ. ಸ್ಪ್ಯಾನರು ಹಿಡಿದು ಕಾರಿನೊಳಗೆ ನುಗ್ಗಿದೆ.

ಮೇಲಿನ ನಟ್ಟು ಬಿಚ್ಚುವುದೆಂದರೆ ಏನೆಂದು ಅನುಭವಿಸಿದವರೇ ಬಲ್ಲರು. ನಟ್ಟನ್ನು ತಿರುಗಿಸಿದರೆ ಶಾಕಿನ ಸರಳೂ ಅದರ ಜೊತೆಗೇ ತಿರುಗುತ್ತದೆ. ತಿರುಗಿಸುವವನಿಗೆ ಕೆಲಸ ಭರದಿಂದ ಸಾಗುತ್ತಿದೆ ಎನ್ನಿಸುತ್ತದೆ. ನಾನು ಅರ್ಧ ಗಂಟೆ ಭರದಿಂದ ಸಾಗಿದೆ. ಬಾಲ್ಕನಿಯಿಂದ ಮೇಷ್ಟ್ರು, ಅದು ಹಾಗೇ ಸುತ್ತುತ್ತಿದ್ದರೆ ಸಾಯಂಕಾಲದೊಳಗೆ ಬೆಣ್ಣೆ ಬರಬಹುದು ಎಂದರು. ಆಮೇಲೆ ಭಾವ ಕಾರಿನ ಕೆಳಗೆ ಮಲಗಿ ಇಕ್ಕಳದಿಂದ ಸರಳನ್ನು ಹಿಡಿಯುವುದು, ನಾನು ಮೇಲಿನಿಂದ ತಿರುಗಿಸುವುದು ಎಂದಾಯಿತು. ಹಿಡಿದಿದ್ದೀರಾ ಎಂದು ನಾನು ಮೇಲಿನಿಂದ ಕೂಗುವುದು, ಬಿಡಲಾ ಎಂದು ಅವರು ಕೆಳಗಿನಿಂದ ಕೂಗುವುದು. ಅವರ ಮಂದಗಿವಿ ನನ್ನ ಕಡೆಗಿತ್ತು. ನಾನು ಹಿಡಿಯಿರಿ ಎಂದಾಗ ಬಿಟ್ಟರು, ಸ್ಪ್ಯಾನರು ಜಾರಿತು, ನನ್ನ ಬೆರಳ ಗೆಣ್ಣುಗಳ ಸಿಪ್ಪೆ ಹೋಯಿತು. ನಾನು ಅಂದ ಮಾತನ್ನು ಮೇಷ್ಟ್ರು ಕೇಳಿಸಿಕೊಂಡು ಮೊದಲ ಬಾರಿಗೆ ಪೇಪರಿನತ್ತ ಕಣ್ಣು ಹಾಯಿಸಿದರು.

ಅಂತೂ ಎರಡು ಕಡೆಯ ಮೇಲಿನ ನಟ್ಟುಗಳೂ ಬಂದವು. ಒಂದು ಕಡೆಯ ಕೆಳಗಿನ ಬೋಲ್ಟು ಬಿಚ್ಚಿ ಮೊದಲ ಶಾಕನ್ನು ಹೊರಗೆಳೆದೆ. ಮೈತುಂಬ ಎಣ್ಣೆ ಸೋರಿ ಮಣ್ಣು ಮೆತ್ತಿಕೊಂಡಿತ್ತು. ಅಮುಕಿದರೆ ಸರಳು ಒಳಗೆ ಹೋಯಿತು, ಹೊರಗೆ ಬರುವ ಯೋಚನೆಯನ್ನೇ ಮಾಡಲಿಲ್ಲ.

"ಇದು ಯಾವಾಗ್ಲೋ ಸತ್ತಿದೆ ಭಾವ" ಎಂದರು ಭಾವ.

"ಸತ್ತಿತ್ತು. ನಾವು ಸಹಿ ಹಾಕಿರ್ಲಿಲ್ಲ" ಎಂದೆ.

ಒಂದು ಕಡೆ ಪೂರ್ತಿ ಮುಗಿಸಿ ಇನ್ನೊಂದು ಕಡೆಗೆ ಕೈ ಹಾಕು ಎಂದು ಬಿಳಿ ಅಂಗಿಯವನು ಬಾಯಿಬಿಟ್ಟು ಹೇಳಿದ್ದ. ಆದರೆ ಗೆಲುವಿನ ನಶೆ ಏರಿದವನಿಗೆ ವಿಡಿಯೊ ನೆನಪಿರುತ್ತದೆಯೇ? ಇನ್ನೊಂದು ಕಡೆಯದನ್ನೂ ಬಿಚ್ಚಿ ಎಸೆದೆ. ಎರಡೂ ಶಾಕಿಲ್ಲದ ಆಕ್ಸಲ್ಲು ಈಗ ಬರೀ ಜಾಕಿನ ಮೇಲೆ ಕೂತಿತ್ತು. ಜಾಗ ಸಾಲದೆಂದು ಭಾವ ಜಾಕನ್ನು ಸ್ವಲ್ಪ ಇಳಿಸಿದರು. ಭಾವನ ಸ್ವಲ್ಪ ಎಂದರೆ ಸ್ವಲ್ಪ ಜಾಸ್ತಿ. ಆಕ್ಸಲ್ಲು ದೊಪ್ಪೆಂದು ಕೆಳಗಿಳಿಯಿತು, ಅದಕ್ಕೂ ಕಾರಿಗೂ ಮಧ್ಯೆ ಸಿಕ್ಕಿಕೊಂಡಿದ್ದ ದಪ್ಪ ಸ್ಪ್ರಿಂಗು ಸಡಿಲಗೊಂಡು ಹೊರಗೆ ಬಿತ್ತು, ಬಿದ್ದದ್ದು ಮಲಗಲಿಲ್ಲ, ಉರುಳಿತು! ನಮ್ಮ ಬೀದಿ ಮುಖ್ಯರಸ್ತೆಯ ಕಡೆಗೆ ಇಳಿಜಾರು. ಸ್ಪ್ರಿಂಗು ಮೊದಲು ಯೋಚಿಸುತ್ತಾ, ಆಮೇಲೆ ಯೋಚನೆ ಬಿಟ್ಟು ಓಡತೊಡಗಿತು. ಭಾವ ಕೈಗವಸು ಸಮೇತ ಅದರ ಹಿಂದೆ, ನಾನು ಭಾವನ ಹಿಂದೆ, ನಮ್ಮಿಬ್ಬರ ಹಿಂದೆ ಬಾಲ್ಕನಿಯಿಂದ ಮೇಷ್ಟ್ರ ದನಿ, ಎಡಕ್ಕೆ, ಎಡಕ್ಕೆ ಎಂದು. ಸ್ಪ್ರಿಂಗು ಬಲಕ್ಕೆ ಹೋಯಿತು.

ಆ ಹೊತ್ತಿಗೆ ಸರಿಯಾಗಿ ಮುಖ್ಯರಸ್ತೆಯಲ್ಲಿ ಬಸ್ಸಿಳಿದು ನನ್ನ ಹೆಂಡತಿ ಬೀದಿಗೆ ತಿರುಗಿದಳು. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ತರಕಾರಿ ಚೀಲ. ತನ್ನ ಕಡೆಗೇ ಉರುಳಿ ಬರುತ್ತಿದ್ದ ಸ್ಪ್ರಿಂಗನ್ನು ನೋಡಿದಳು. ಅದರ ಹಿಂದಿನ ಅಣ್ಣನನ್ನು, ಅಣ್ಣನ ಹಿಂದಿನ ಗಂಡನನ್ನು ನೋಡಿದಳು. ಓಡಲಿಲ್ಲ, ಕೂಗಲಿಲ್ಲ. ಕಾಲು ಮುಂದಿಟ್ಟು ಸ್ಪ್ರಿಂಗನ್ನು ಕಲ್ಲುಕಟ್ಟೆಗೆ ಒತ್ತಿ ನಿಲ್ಲಿಸಿದಳು. ನಾವು ಏದುಸಿರು ಬಿಡುತ್ತಾ ಹತ್ತಿರ ಬಂದೆವು.

"ಇದು ನಮ್ಮದಾ?" ಎಂದು ಕೇಳಿದಳು.

ನಾನು ಹೌದೆಂದೆ. ಅವಳು ತರಕಾರಿ ಚೀಲವನ್ನು ಅಣ್ಣನಿಗೆ ಕೊಟ್ಟು, ಸ್ಪ್ರಿಂಗನ್ನು ನನ್ನ ಹೆಗಲಿಗೇರಿಸಿ ಮುಂದೆ ನಡೆದಳು. ಬೀದಿಯ ಎರಡೂ ಕಡೆಯ ಕಿಟಕಿಗಳಲ್ಲಿ ಜನ ನಿಂತಿದ್ದರು. ಆ ಮೆರವಣಿಗೆಯನ್ನು ಅವರು ಇನ್ನೂ ಮರೆತಿಲ್ಲ.

ಸ್ಪ್ರಿಂಗು ಹೇಗೋ ಮತ್ತೆ ತನ್ನ ಜಾಗಕ್ಕೆ ಹೋಯಿತು. ಹೊಸ ಶಾಕುಗಳ ಕತೆ ಇನ್ನೊಂದು. ಅವು ಬಂದಾಗ ಸರಳು ಒಳಕ್ಕೆ ಕುಗ್ಗಿಸಿ, ಮೇಲೊಂದು ಪಟ್ಟಿ ಬಿಗಿದಿರುತ್ತಾರೆ. ಕಾರಿಗೆ ಕೂರಿಸಿದ ಮೇಲೆ ಪಟ್ಟಿ ಕತ್ತರಿಸಬೇಕು. ಭಾವ ಉಡುಗೊರೆ ಬಿಚ್ಚುವ ಉತ್ಸಾಹದಲ್ಲಿ ಎರಡನ್ನೂ ಮೊದಲೇ ಕತ್ತರಿಸಿಬಿಟ್ಟಿದ್ದರು. ಎರಡೂ ಮೈಮುರಿದು ಉದ್ದಕ್ಕೆ ಚಾಚಿಕೊಂಡಿದ್ದವು. ನಾವು ಒಂದರ ಮೇಲೆ ಎದೆಯಿಟ್ಟು ಅಮುಕಿದರೆ ಒಳಗೆ ಹೋಗುತ್ತಿತ್ತು. ಎತ್ತಿ ಕಾರಿನ ಕೆಳಗೆ ಒಯ್ಯುವಷ್ಟರಲ್ಲಿ ಸಾವಕಾಶವಾಗಿ ಮತ್ತೆ ಚಾಚಿಕೊಳ್ಳುತ್ತಿತ್ತು. ಮೇಲಿನ ತುದಿ ಕೂತರೆ ಕೆಳಗಿನ ಬೋಲ್ಟಿನ ತೂತು ಹೊಂದಿಕೆಯಾಗದು. ಭಾವ ಬೈಯುವ ಸರದಿ ಮುಗಿದು ನನ್ನದು ಶುರುವಾಗಿತ್ತು.

ಅವಳು ಬಟ್ಟೆ ಬದಲಿಸಿ, ಚಹಾ ಲೋಟ ಹಿಡಿದು ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಲೋಟ ಕೆಳಗಿಟ್ಟು, ನೆಲದ ಮೇಲೆ ಮಂಡಿಯೂರಿದಳು. ಕೂರುವಾಗ ಒಂದು ಕೈ ಸೊಂಟಕ್ಕೆ ಹೋದದ್ದನ್ನು ನಾನು ನೋಡಿದೆ. ಜಾಕಿನ ಹಿಡಿಯನ್ನು ತಾನೇ ತೆಗೆದುಕೊಂಡು ಆಕ್ಸಲ್ಲನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಮೇಲೆತ್ತುತ್ತಾ, ಇನ್ನೊಂದು ಕೈಯ ಬೆರಳಿಂದ ತೂತನ್ನು ತಡವುತ್ತಾ, "ಹೂಂ, ಈಗ ಹಾಕಿ" ಎಂದಳು. ಹಾಕಿದೆ. ಬೋಲ್ಟು ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ದಿನಾ ಸಿಗದ ನರ ಹುಡುಕುವವರಿಗೆ ಇಷ್ಟು ದೊಡ್ಡ ತೂತು ಯಾವ ಲೆಕ್ಕ? ಇನ್ನೊಂದು ಕಡೆಯೂ ಹಾಗೇ ಆಯಿತು. ಅವಳ ಕೆನ್ನೆಗೆ ಗ್ರೀಸು ಮೆತ್ತಿತ್ತು. ನಾನು ಹೇಳಲಿಲ್ಲ. ಎಷ್ಟೋ ಕಾಲದ ಮೇಲೆ ನಾವು ಮೂವರೂ ಆ ಕಾರಿನ ಸುತ್ತ ಒಟ್ಟಿಗಿದ್ದೆವು, ಅದನ್ನು ಹಾಳುಮಾಡುವ ಮನಸ್ಸಾಗಲಿಲ್ಲ.

ಎಲ್ಲ ಮುಗಿದು, ಚಕ್ರ ಹಾಕಿ, ಸೀಟು ಕೂರಿಸುವ ಮೊದಲು ನಾನು ಬೀದಿಯ ತುದಿಯವರೆಗೆ ಓಡಿಸಿಕೊಂಡು ಬಂದೆ. ಹಿಂದಿನಿಂದ ಟಕ್ ಟಕ್ ಎಂದು ಬಡಿತ. ಸದ್ದು ಸಹಜ ಮಿತಿಯೊಳಗಿದೆ ಎಂಬ ವಾಕ್ಯ ನನ್ನ ಬಾಯಿತನಕ ಬಂತು. ಮೆಟ್ಟಿಲ ಮೇಲೆ ಅವಳು ನಿಂತಿದ್ದಳು, ನುಂಗಿಕೊಂಡೆ. ಶಾಕಿನ ತುದಿಗೆ ಬಳೆಯಂತೆ ಕೂರುವ ಒಂದು ರಬ್ಬರ್ ಬುಷ್ ಹಾಕುವುದು ಬಿಟ್ಟುಹೋಗಿತ್ತು. ಭಾವ ಬಕೆಟ್ಟನ್ನು ನೆಲಕ್ಕೆ ಸುರಿದು ಹುಡುಕತೊಡಗಿದರು. ನಟ್ಟು, ವಾಷರು, ಹಳೇ ಬೋಲ್ಟುಗಳ ಮಧ್ಯೆ ಟ್ಯೂಬುಗಳೂ ಮಾತ್ರೆಯ ಹಾಳೆಗಳೂ ಉರುಳಿಬಿದ್ದವು. ಅವಳು ಬಗ್ಗಿ ಒಂದೊಂದಾಗಿ ಆರಿಸಿ ಪಕ್ಕಕ್ಕಿಟ್ಟಳು.

"ಇವು ಕಾರಿಂದಲ್ಲ" ಎಂದಳು. "ನಂದು."

ಮೇಷ್ಟ್ರು ಕುರ್ಚಿ ಎತ್ತಿಕೊಂಡು ಒಳಗೆ ಹೋದರು. ಬುಷ್ಷು ಭಾವನ ಅಂಗಿಯ ಜೇಬಿನಲ್ಲೇ ಇತ್ತು.

ಅದನ್ನೂ ಹಾಕಿ, ಸೀಟು ಕೂರಿಸಿ, ಸಾಬೂನು ನೀರಿನಿಂದ ತೊಳೆದು ಒರೆಸಿ, ಬಿಸಿಲು ಇಳಿಯುವ ಹೊತ್ತಿಗೆ ನಾನು ಹಿಂದಿನ ಬಾಗಿಲನ್ನು ತೆರೆದು ಹಿಡಿದು ನಿಂತೆ. ಮದುವೆಯಾದ ಮೇಲೆ ಅವಳಿಗೆ ಬಾಗಿಲು ತೆರೆದು ನಿಂತದ್ದು ಅದೇ ಮೊದಲಿರಬೇಕು. ಭಾವ ಅಭ್ಯಾಸಬಲದಿಂದ ಆಗಲೇ ಮುಂದೆ ಕೂತು ಬೆಲ್ಟು ಹಾಕಿಕೊಂಡಿದ್ದರು. ಅವಳು ಹತ್ತಿದಳು. ಕನ್ನಡಿಯಲ್ಲಿ ಹಿಂದಿನ ಗಾಡಿಗಳು ಮರೆಯಾದವು. ನನಗೆ ಹಾಡಬೇಕೆನ್ನಿಸಿತು.

ನೇರವಾಗಿ ಆಸ್ಪತ್ರೆಯ ದಾರಿಗೆ ಹೋದೆ. ಆ ಕುಖ್ಯಾತ ರಸ್ತೆಯುಬ್ಬು ಬಂತು. ಕಾರು ಮೆಲ್ಲಗೆ ಏರಿತು, ಮೆಲ್ಲಗೆ ಇಳಿಯಿತು, ಒಂದು ಬಾರಿಯೂ ತಲೆಯಾಡಿಸಲಿಲ್ಲ. ಹೇಗಿದೆ ಎಂದೆ. ಚೆನ್ನಾಗಿದೆ ಎಂದಳು. ನನಗೆ ಸಾಲಲಿಲ್ಲ. ಮುಂದೆ ಹೋಗಿ ತಿರುಗಿಸಿಕೊಂಡು ಬಂದು ಮತ್ತೆ ಹತ್ತಿಸಿದೆ. ಈಗ ಹೇಗಿದೆ ಎಂದೆ. ಚೆನ್ನಾಗಿದೆ ಎಂದಳು. ಮತ್ತೆ ತಿರುಗಿಸಿದೆ. ಅಲ್ಲಿದ್ದ ಹಣ್ಣಿನಂಗಡಿಯವನು ನಮಗೆ ದಾರಿ ತಪ್ಪಿದೆಯೆಂದು ಕೈ ಮಾಡಿ ತೋರಿಸತೊಡಗಿದ.

"ಚೆನ್ನಾಗಿದೆ ಅಂದ್ನಲ್ಲ, ಮನೆಗೆ ನಡೀರಿ" ಎಂದಳು.

ಆ ರಾತ್ರಿ ನನ್ನಷ್ಟು ಸುಖಿ ಯಾರೂ ಇರಲಿಲ್ಲ. ಬೆರಳಿನ ಗೆಣ್ಣುಗಳು ಉರಿಯುತ್ತಿದ್ದವು, ಅವಳೇ ಔಷಧಿ ಹಚ್ಚಿ ಪಟ್ಟಿ ಕಟ್ಟಿದ್ದಳು.

ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾರು ಹೊರಗೆ ತಂದೆ. ಭಾವ ಬಂದು ಕೂತರು. ಹಾರ್ನು ಹೊಡೆದೆ. ಮತ್ತೆ ಹೊಡೆದೆ. ಮಹಡಿಯಿಂದ ಮೇಷ್ಟ್ರು ಬಗ್ಗಿ, ಅವಳು ಆಗಲೇ ಹೋಗಿಯಾಯಿತಲ್ಲ ಎಂದರು. ಒಳಗೆ ಹೋಗಿ ನೋಡಿದರೆ ಡಬ್ಬಿ ಮೇಜಿನ ಮೇಲಿತ್ತು, ಬೀಗದ ಕೈ ಪಕ್ಕದಲ್ಲಿತ್ತು.

ಅವಳು ಬಸ್ ಸ್ಟಾಪಿನಲ್ಲಿ ನಿಂತಿದ್ದಳು. ಪಕ್ಕದಲ್ಲಿದ್ದ ಯಾರೋ ಹೆಂಗಸಿನೊಡನೆ ಏನೋ ಹೇಳಿಕೊಂಡು ನಗುತ್ತಿದ್ದಳು. ನಾನು ಕಾರನ್ನು ಅವಳ ಎದುರಿಗೇ ನಿಲ್ಲಿಸಿ, ಭಾವನ ಮೇಲೆ ಬಗ್ಗಿ, ಕಿಟಕಿಯಲ್ಲಿ ತಲೆ ತೂರಿಸಿದೆ.

"ಯಾಕೆ, ಮರೆತೋಯ್ತಾ? ಬಾ ಹತ್ತು."

"ನೀವು ಹೋಗಿ. ಬಸ್ ಬರೋ ಹೊತ್ತಾಯ್ತು."

"ಈಗ ಎತ್ತಿಹಾಕಲ್ವಲ್ಲ. ನಿನ್ನೆ ನೀನೇ ಚೆನ್ನಾಗಿದೆ ಅಂದೆ."

"ಚೆನ್ನಾಗೇ ಇದೆ. ಇಲ್ಲ ಅಂತ ಯಾರು ಅಂದ್ರು?"

ಆಗ ನನಗೆ ಇಷ್ಟು ವರ್ಷ ಹೊಳೆಯದಿದ್ದ ಮಹಾ ಉಪಾಯವೊಂದು ಹೊಳೆಯಿತು. ನೀನು ಮುಂದೆಯೇ ಕೂತುಕೋ, ಭಾವ ಹಿಂದೆ ಹೋಗುತ್ತಾರೆ ಎಂದೆ. ಭಾವ ಗಾಬರಿಯಿಂದ ಬೆಲ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ನಾನಾ? ಹಿಂದೆ ಕೂತ್ರೆ ನನಗೆ ಸೊಂಟ ಹಿಡ್ಕೊಳ್ಳುತ್ತೆ ಭಾವ. ಮೊದಲಿಂದ್ಲೂ ಅಷ್ಟೇ. ಅದಕ್ಕೇ ಅಲ್ವಾ ನಾನು ಮುಂದೆ ಕೂರೋದು?"

ಅವಳು ಅಣ್ಣನ ಮುಖ ನೋಡಿದಳು. ಬೈಯಲಿಲ್ಲ. ಬಗ್ಗಿ, ಕಿಟಕಿಯ ಮೇಲೆ ಕೈಯಿಟ್ಟು, ಮಕ್ಕಳಿಗೆ ಸೂಜಿ ಚುಚ್ಚುವ ಮೊದಲು ಮಾತಾಡುವಷ್ಟು ಮೆಲ್ಲಗೆ ನನಗೆ ಹೇಳಿದಳು.

"ಬಸ್ಸೂ ಎತ್ತಿಹಾಕುತ್ತೆ ರೀ. ನಮ್ಮ ಕಾರಿಗಿಂತ ಜಾಸ್ತೀನೇ. ಆದ್ರೆ ಅಲ್ಲಿ ನಾನು ಅಬ್ಬಾ ಅಂದ್ರೆ, ಪಕ್ಕದಲ್ಲಿ ಕೂತಿರೋರೂ ಅಬ್ಬಾ ಅಂತಾರೆ."

ಹಿಂದೆ ಬಸ್ಸು ಬಂದು ನಿಂತು ಕಿವಿ ಕಿತ್ತುಹೋಗುವಂತೆ ಹಾರ್ನು ಹೊಡೆಯಿತು. ಇದು ಬಸ್ ನಿಲ್ಲುವ ಜಾಗ, ಕಾರು ತೆಗೆಯಿರಿ ಎಂದು ಡ್ರೈವರು ಕೈ ಬೀಸಿದ. ತೆಗೆದೆ. ಅವಳೂ ಆ ಹೆಂಗಸೂ ಹತ್ತಿದರು. ಬಸ್ಸು ನಮ್ಮನ್ನು ದಾಟಿಕೊಂಡು ಮುಂದೆ ಹೋಯಿತು, ನಾನು ಅದರ ಹಿಂದೆಯೇ ಬಿದ್ದೆ. ರಸ್ತೆಯುಬ್ಬಿನ ಮೇಲೆ ಬಸ್ಸಿನ ಹಿಂಭಾಗ ಎಗರಿಬಿತ್ತು. ಹಿಂದಿನ ಗಾಜಿನಲ್ಲಿ ಕಾಣುತ್ತಿದ್ದ ತಲೆಗಳೆಲ್ಲ ಒಟ್ಟಿಗೆ ಮೇಲಕ್ಕೆ ಹಾರಿ ಒಟ್ಟಿಗೆ ಕೆಳಗಿಳಿದವು, ಅವಳು ಪಕ್ಕದವಳ ಕಡೆ ತಿರುಗಿದ್ದು, ಇಬ್ಬರೂ ನಕ್ಕಿದ್ದು ಕಾಣಿಸಿತು.

ಅದರ ಹಿಂದೆಯೇ ನಾವೂ ಹತ್ತಿ ಇಳಿದೆವು. ಕಾರು ಎಳ್ಳಷ್ಟೂ ಕುಲುಕಲಿಲ್ಲ. ಎಂಥ ಕೆಲಸ ಭಾವ ನಿಮ್ಮದು ಎಂದು ಭಾವ ಮೆಚ್ಚಿಕೊಂಡರು. ಅಬ್ಬಾ ಅನ್ನಲು ಹಿಂದೆ ಯಾರೂ ಇರಲಿಲ್ಲ.